ಮೊದಲು ಮಂಗಳ ಹಾಡಿಸಿದ ಮೇಲೆ

ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ತೆರೆದರೆ ಅದು ಮೊಟ್ಟಮೊದಲು ತೋರಿಸುವುದು ಒಂದು ಅಂಕಿ: ನೂರಿಪ್ಪತ್ತು. ನಿಮಿಷಕ್ಕೆ ನೂರಿಪ್ಪತ್ತು ತಾಳ. ನೀವಿನ್ನೂ ಏನೂ ಹಾಡಿಲ್ಲ, ಹಾಡುವವರು ಮನೆಗೆ ಬಂದೂ ಇಲ್ಲ, ಅಷ್ಟರಲ್ಲಿ ಲಯ ಇದೇ ಎಂದು ಅದು ತೀರ್ಮಾನ ಮಾಡಿಬಿಟ್ಟಿರುತ್ತದೆ. ಈ ನೂರಿಪ್ಪತ್ತನ್ನು ಯಾರು ಗೊತ್ತು ಮಾಡಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಕಡೆಯ ಭಜನೆ ನಿಧಾನಕ್ಕೆ ಶುರುವಾಗುತ್ತದೆ, ಏರುತ್ತ ಏರುತ್ತ ಹೋಗುತ್ತದೆ, ಕೊನೆಗೆ ತಾಳ ಹಿಡಿದವರ ಕೈ ಕಣ್ಣಿಗೆ ಕಾಣದಷ್ಟು ಜೋರಾಗುತ್ತದೆ. ಇದಕ್ಕೆ ಒಂದು ಅಂಕಿ ಹೇಳು ಎಂದರೆ ಯಾವುದನ್ನು ಹೇಳುವುದು?

ಕಳೆದ ಬೇಸಿಗೆಯಲ್ಲಿ ಈ ಸಾಫ್ಟ್‌ವೇರ್ ಜೊತೆ ನಾನು ಜಗಳಾಡಿದ್ದು ಶೋಕಿಗಲ್ಲ. ಇಳಕಲ್ಲಿನ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತೇನೆ. ಮಕ್ಕಳ ಪ್ರಾರ್ಥನೆ ರೆಕಾರ್ಡ್ ಮಾಡಲೆಂದು ಶಾಲೆಯವರು ಒಂದು ಮೈಕು, ಹೆಡ್‌ಫೋನು, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಸಣ್ಣ ಡಬ್ಬಿ ತರಿಸಿದ್ದರು. ರಜೆಯಲ್ಲಿ ಕಲಿತುಕೊಳ್ಳಿ ಎಂದು ಎಲ್ಲವನ್ನೂ ನನ್ನ ಮನೆಗೆ ಸಾಗಹಾಕಿದರು. ಪೆಟ್ಟಿಗೆ ಬಿಚ್ಚಿದ್ದೇ ತಡ, ಸಂಗೀತದ ಅಕ್ಕೋರ ಮನೆಯಲ್ಲಿ ಸ್ಟುಡಿಯೋ ಇದೆ ಎಂದು ಹುನಗುಂದದ ತನಕ ಸುದ್ದಿ ಹೋಯಿತು. ಸ್ಟುಡಿಯೋ ಎಂದರೆ ನನ್ನ ಒಳಕೋಣೆ. ಗೋಡೆಗೆ ಮೊಳೆ ಹೊಡೆದು ಮನೆಯಲ್ಲಿದ್ದ ಹಳೆಬಟ್ಟೆಯ ದಪ್ಪ ಕೌದಿಗಳನ್ನೆಲ್ಲ ತೂಗುಬಿಟ್ಟಿದ್ದೆ, ಅಷ್ಟೇ. ಸದ್ದು ಗೋಡೆಗೆ ಬಡಿದು ವಾಪಸ್ಸು ಬರದಿರಲು ಕೌದಿಯಷ್ಟು ಒಳ್ಳೆಯದು ಮತ್ತೊಂದಿಲ್ಲ. ಪಕ್ಕದ ಮನೆಯ ಮಗ್ಗದ ಸದ್ದನ್ನು ಮಾತ್ರ ಯಾವ ಕೌದಿಯೂ ತಡೆಯಲಿಲ್ಲ.

ಆ ಸುದ್ದಿ ಹಿಡಿದು ಬಂದವರು ಐಹೊಳೆ ದಾರಿಯ ಒಂದು ಊರಿನ ಭಜನಾ ಮೇಳದ ಹಿರಿಯರು. ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವರು. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೆಲವು ತಿಂಗಳಿಂದ ಅವರ ದನಿ ಒಡೆದಿತ್ತಂತೆ. ಹಾಡಿ ಹಾಡಿ ಕುಂತ ಗಂಟಲು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬಾಗಲಕೋಟೆಯ ದವಾಖಾನೆಗೆ ತೋರಿಸಿದಾಗ ಗಂಟಲೊಳಗೆ ಗಂಟು ಬೆಳೆದದ್ದು ಗೊತ್ತಾಯಿತು.

"ಸ್ವರಪೆಟ್ಟಿಗಿನ ತಗೀಬೇಕಂತ್ರಿ ಅಕ್ಕೋರ," ಎಂದರು ಕಾಕಾ, ಗಿರಣಿಯ ಬೆಲ್ಟು ಬದಲಿಸುವ ಮಾತಿನಷ್ಟು ಸಲೀಸಾಗಿ. "ಡಾಕ್ಟರ್ ಸಾಹೇಬ್ರು ಖರೆ ಹೇಳಿದ್ರು. ಜೀಂವಾ ಉಳಿತೈತಿ, ದನಿ ಉಳಿಯಂಗಿಲ್ಲ. ಅದಕ್ಕ, ಹೋಗೂದ್ರಾಗ ನಮ್ಮ ಭಜನಿ ಪದಾ ಅಷ್ಟೂ ಇದ್ರಾಗ ಹಾಕಿ ಕೊಡ್ರಿ."

ಮುಂಜಾನೆ ಬಿಸಿನೀರು ಕುಡಿದ ಮೇಲೆ ಸ್ವಲ್ಪ ಹೊತ್ತು ಅವರ ಗಂಟಲು ತಿಳಿಯಾಗುತ್ತಿತ್ತು. ಆಗ ಹಾಡಿದರೆ ಹಾಡಿದಂತೆ. ಹಾಡಿದ ಮೇಲೆ ಒಂದೆರಡು ದಿನ ಬಾಯಿ ಮುಚ್ಚಿಕೊಂಡಿರಬೇಕು. ಆಪರೇಷನ್ನಿಗೆ ದಿನ ಗೊತ್ತಾಗಿಬಿಟ್ಟಿತ್ತು, ಹಾಗಾಗಿ ನನ್ನ ಕೈಗೆ ಸಿಗುವುದು ಕೆಲವೇ ಮುಂಜಾನೆಗಳು ಎಂದು ನನಗೂ ಅರ್ಥವಾಯಿತು. ಕೆಲಸ ಕಲಿಯುವವರು ಯಾವುದಾದರೂ ಹಾಳಾದರೆ ನಡೆಯುವಂಥದ್ದರ ಮೇಲೆ ಕಲಿಯುತ್ತಾರೆ. ನಾನು ಆ ಮನುಷ್ಯನ ಗಂಟಲಿನ ಮೇಲೆ ಕಲಿಯಬೇಕಾಗಿತ್ತು. ಆಗಲಿ ಎಂದುಬಿಟ್ಟೆ.

ಮೊದಲ ಮುಂಜಾನೆ ಮೇಳದವರೆಲ್ಲ ಒಂದು ಟಂಟಂ ಆಟೋ ಮಾಡಿಕೊಂಡು ಬಂದರು. ಹಾರ್ಮೋನಿಯಂ, ತಬಲಾ, ತಾಳ, ಜೊತೆಗೆ ಹಿಂದೆ ನಿಂತು ಸಾಲು ಎತ್ತಿಕೊಳ್ಳುವವರು. ಪಕ್ಕದ ಮನೆಯಾಕೆಗೆ ಕೈಮುಗಿದು ಮಗ್ಗ ನಿಲ್ಲಿಸಿ ಬಂದೆ. ಫ್ಯಾನು ಆರಿಸಿದೆ. ಎಲ್ಲರೂ ಬೆವರುತ್ತ ಕೂತರು. ಆಗ ಸಾಫ್ಟ್‌ವೇರ್ ನನ್ನ ಡಬ್ಬಿಯನ್ನು ಗುರುತೇ ಹಿಡಿಯಲಿಲ್ಲ.

ಬಾದಾಮಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ಒಬ್ಬರನ್ನು ನಾನು ಈ ವಿದ್ಯೆಗೆ ಗುರು ಮಾಡಿಕೊಂಡಿದ್ದೆ. ಯಾವಾಗ ಫೋನ್ ಮಾಡಿದರೂ ಅವರು ಯಾವುದೋ ಕಂಬದ ಮೇಲೆ ಇರುತ್ತಿದ್ದರು. ಅವತ್ತೂ ಕಂಬದ ಮೇಲಿಂದಲೇ ಮಾತಾಡಿದರು.

"ಡ್ರೈವರ್ ಹಾಕೀರೇನ್ರಿ?"

"ಹಾಕೀನ್ರಿ. ಆದ್ರೂ ಡ್ರೈವರ್ ಇಲ್ಲ ಅಂತ ತೋರಿಸ್ತೈತಿ. ಡ್ರೈವರ್ ಇಲ್ಲದ ಏನೂ ಸುರು ಆಗಂಗಿಲ್ಲ!" ಎಂದು ನಾನು ಒದರಿದೆ.

ಡಬ್ಬಿಯನ್ನೂ ಲ್ಯಾಪ್‌ಟಾಪನ್ನೂ ಮಾತಾಡಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದು ನನಗೂ ಆ ವಾರವೇ ಗೊತ್ತಾದದ್ದು. ತಬಲಾದವರು ನನ್ನ ಒದರಾಟ ಕೇಳಿ ಎದ್ದು ಹೋದರು, ಸ್ವಲ್ಪ ಹೊತ್ತಿಗೆ ಟಂಟಂ ಓಡಿಸುವವನನ್ನು ರಟ್ಟೆ ಹಿಡಿದು ಕರಕೊಂಡು ಬಂದರು. ಅವನ ಕೈಯಲ್ಲಿ ಇನ್ನೂ ಅರ್ಧ ಕಪ್ಪು ಚಹಾ ಇತ್ತು.

"ಡ್ರೈವರ್ ಇಲ್ಲೇ ಅದಾನ್ರಿ ಅಕ್ಕೋರ. ಎಲ್ಲೀ ಹೋಗಿಲ್ಲ. ಏನ್ ಎತ್ತಿಡೂದೈತಿ ಹೇಳ್ರಿ."

ಮೇಳವೆಲ್ಲ ನಕ್ಕಿತು, ಕಾಕಾ ನಗಲು ಹೋಗಿ ಕೆಮ್ಮಿದರು. ಅವರ ಗಂಟಲಿನ ತಿಳಿ ಹೊತ್ತು ಹೀಗೆ ಸೋರಿಹೋಗುತ್ತಿರುವಾಗ ನನಗೆ ನಗು ಬರಲಿಲ್ಲ. ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ಅದು ಏನು ಮನಸ್ಸು ಮಾಡಿತೋ, ಪರದೆಯ ಮೇಲೆ ಹಸಿರು ಗೆರೆ ಕುಣಿಯತೊಡಗಿತು. ಸದ್ದು ಒಳಗೆ ಹೋಗುತ್ತಿದೆ ಎಂದು ಖುಷಿಯಾಗಿ ಕೆಂಪು ಗುಂಡಿ ಒತ್ತಿದೆ. ಕಾಕಾ ಮುಂಜಾನೆಯಿಡೀ ಹಾಡಿದರು. ಕಣ್ಣು ಮುಚ್ಚಿ, ಕುತ್ತಿಗೆಯ ನರ ಬಿಗಿದು, ಒಂದು ಪದವನ್ನೂ ಅರ್ಧಕ್ಕೆ ಬಿಡದೆ ಹಾಡಿದರು.

ಅವರು ಹೋದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕಾಕಾನ ದನಿ ಹಾಳುಬಾವಿಯ ತಳದಿಂದ ಬರುತ್ತಿತ್ತು. ಅದರ ಮೇಲೆ ಲ್ಯಾಪ್‌ಟಾಪಿನೊಳಗಿನ ಫ್ಯಾನಿನ ಗೊರಗೊರ. ಎಲ್ಲಕ್ಕಿಂತ ಸ್ಪಷ್ಟವಾಗಿದ್ದದ್ದು ನಾನು ಕೀಲಿ ಒತ್ತಿದ ಟಕ್ ಟಕ್. ಮೈಕನ್ನು ಬೆರಳಿಂದ ಬಡಿದು ನೋಡಿದೆ, ಗೆರೆ ಅಲುಗಲಿಲ್ಲ. ಲ್ಯಾಪ್‌ಟಾಪನ್ನು ಬಡಿದೆ, ಗೆರೆ ಎಗರಿ ಬಿತ್ತು. ಸಾಫ್ಟ್‌ವೇರ್ ಮುಂಜಾನೆಯಿಡೀ ಕೇಳಿಸಿಕೊಂಡದ್ದು ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಪುಟ್ಟ ಮೈಕನ್ನು. ಕಾಕಾನ ಬಾಯಿಗೆ ಹಿಡಿದ ಮೈಕಿಗೆ ಡಬ್ಬಿಯಿಂದ ಕರೆಂಟು ಕೊಡುವ ಒಂದು ಗುಂಡಿ ಇರುತ್ತದೆ. ಅದನ್ನು ನಾನು ಒತ್ತಿರಲೇ ಇಲ್ಲ. ಎರಡೂ ತಪ್ಪು ಒಟ್ಟಿಗೆ ಆಗಿದ್ದರಿಂದ ಒಂದೂ ಗೊತ್ತಾಗಿರಲಿಲ್ಲ. ಇಷ್ಟೆಲ್ಲ ಬಣ್ಣಬಣ್ಣದ ಗೆರೆ ತೋರಿಸುವ ಸಾಫ್ಟ್‌ವೇರಿಗೆ, ತಾಯೀ, ನಿನ್ನ ಮೈಕು ಸತ್ತಿದೆ ಎಂದು ಒಂದು ಮಾತು ಹೇಳಲು ಏನಾಗಿತ್ತು?

ಕಾಕಾನಿಗೆ ಫೋನ್ ಮಾಡಿದೆ. ಎತ್ತಿದವರು ಅವರ ಹೆಂಡತಿ, ಕಾಕಿ.

"ಬಂದ ಮ್ಯಾಲೆ ಮಾತ ಬಿಟ್ಟಾರ್ರಿ," ಅಂದರು. "ನೀರ ಬೇಕಾದ್ರೂ ಕೈ ಮಾಡಿ ತೋರಸಾಕತ್ತಾರ. ಪದಾ ಚಲೋ ಬಂದಾವೇನ್ರಿ?"

ಬಂದಿಲ್ಲ, ಮತ್ತೆ ಹಾಡಬೇಕು ಎಂದೆ. ಕಾಕಿ "ಹೇಳ್ತೇನ್ರಿ" ಎಂದು ಫೋನ್ ಇಟ್ಟರು.

ಎರಡನೆಯ ಸಲ ನಾನು ಪೂರ್ತಿ ತಯಾರಾಗಿ ಕೂತಿದ್ದೆ. ಮೈಕಿಗೆ ಕರೆಂಟು ಕೊಟ್ಟಿದ್ದೆ, ಬಡಿದು ನೋಡಿದ್ದೆ, ಪಕ್ಕದ ಮಗ್ಗ ನಿಲ್ಲಿಸಿದ್ದೆ. ಸಾಲದ್ದಕ್ಕೆ ಇಂಟರ್ನೆಟ್ಟಿನ ಪಾಠಗಳನ್ನು ತಲೆಗೆ ತುಂಬಿಕೊಂಡಿದ್ದೆ. ಒಬ್ಬೊಬ್ಬರನ್ನೇ ಬೇರೆ ಬೇರೆ ರೆಕಾರ್ಡ್ ಮಾಡಬೇಕು, ಎಲ್ಲರೂ ಹೆಡ್‌ಫೋನಿನಲ್ಲಿ ಒಂದೇ ಟಿಕ್ ಟಿಕ್ ಕೇಳಿ ಹಾಡಬೇಕು, ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಬೇಕು, ಹಾಗೆ ಮಾಡಿದರೇನೇ ಅದು ಸ್ಟುಡಿಯೋ ಕೆಲಸ ಎಂದು ಆ ಪಾಠಗಳು ಹೇಳುತ್ತಿದ್ದವು. ಮೇಳವನ್ನು ಪಡಸಾಲೆಗೆ ಅಟ್ಟಿ ಕಾಕಾ ಒಬ್ಬರನ್ನೇ ಕೌದಿಗಳ ನಡುವೆ ಕೂಡಿಸಿದೆ.

ಮೊದಲ ಸಾಲು ಹಾಡಿದರು. ನಿಲ್ಲಿಸಿದರು. ಬಾಗಿಲ ಕಡೆ ನೋಡಿದರು.

"ಯಾಕ ನಿಂತ್ರಿ ಕಾಕಾ?"

"ಹಿಂದ ಎತ್ತಿಕೊಳ್ಳಾವ್ರು ಎಲ್ಲಿ ಅದಾರ್ರಿ?"

"ಅವರದು ಆಮ್ಯಾಲೆ ಮಾಡ್ತೇನ್ರಿ. ಈಗ ನಿಮ್ಮದಷ್ಟ ಹಾಡ್ರಿ."

"ಅವರು ಎತ್ತಿಕೊಂಡ್ರ ಮುಂದಿನ ಸಾಲ ನನ್ನ ಬಾಯಿಗೆ ಬರ್ತೈತ್ರಿ. ಒಬ್ಬನ ಹಾಡಾಕ ನಾ ಏನ ಭಾಷಣಾ ಮಾಡಾಕತ್ತೇನೇನು?"

ಆದರೂ ಪ್ರಯತ್ನಪಟ್ಟರು. ಟಿಕ್ ಟಿಕ್ ಒಂದೇ ವೇಗಕ್ಕೆ ನಿಂತಿತ್ತು, ಪದ ಏರುತ್ತಿತ್ತು. ಅದರ ಮೇಲೆ ಅವರ ದನಿ ಹೆಡ್‌ಫೋನಿನಲ್ಲಿ ಅವರಿಗೇ ಅರೆಕ್ಷಣ ತಡವಾಗಿ ಕೇಳುತ್ತಿತ್ತು. ಹಿಂದೆ ಬರುವ ದನಿಗಾಗಿ ಕಾಯಲು ಅವರು ನಿಧಾನಿಸುವರು, ಅವರು ನಿಧಾನಿಸಿದರೆ ಆ ದನಿಯೂ ನಿಧಾನಿಸುವುದು. ಆ ತಡವನ್ನು ಕಡಿಮೆ ಮಾಡಲು ನಾನು ಏನೋ ಒತ್ತಿದೆ, ದನಿಯೆಲ್ಲ ಪಟಪಟ ಸಿಡಿಯತೊಡಗಿತು. ಕಾಕಾ ಹೆಡ್‌ಫೋನನ್ನು ತೆಗೆದು ಮೆಲ್ಲಗೆ ಕೆಳಗಿಟ್ಟರು. ಒಂದು ಸಾಲು ಕೆಟ್ಟರೆ ಅದೊಂದನ್ನೇ ಮತ್ತೆ ಹಾಡಿ, ಸಾಫ್ಟ್‌ವೇರ್ ಅದನ್ನು ನಡುವೆ ಸೇರಿಸುತ್ತದೆ ಎಂದು ನಾನು ಆಸೆ ತೋರಿಸಿದೆ. ಪದವನ್ನು ನಡುವಿನಿಂದ ಎತ್ತಿಕೊಳ್ಳಲು ಬರುವುದಿಲ್ಲ ಎಂದರು. ಕೆಟ್ಟರೆ ಮೊದಲಿನಿಂದ. ಅವರ ಗಂಟಲಿಗೆ ಮೊದಲಿನಿಂದ ಹಾಡುವ ಶಕ್ತಿ ಎಷ್ಟು ಸಲ ಇದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸೋತು ಎಲ್ಲರನ್ನೂ ಒಳಗೆ ಕರೆದೆ. ಅಷ್ಟೊತ್ತಿಗೆ ಹೊತ್ತೇರಿತ್ತು. ಆಗ ನನಗೊಂದು ಭಾರಿ ಉಪಾಯ ಹೊಳೆಯಿತು. ಮೇಳದ ಪದಗಳಲ್ಲಿ ಎಲ್ಲಕ್ಕಿಂತ ಎತ್ತರದ ಸ್ವರ ಇರುವುದು ಮಂಗಳದಲ್ಲಿ. ಗಂಟಲು ಪೂರ್ತಿ ದಣಿಯುವ ಮೊದಲೇ ಅದನ್ನು ಹಾಡಿಸಿಬಿಟ್ಟರೆ ಉಳಿದವು ಹೇಗೋ ಆಗುತ್ತವೆ. ಕಂಪ್ಯೂಟರಿನಲ್ಲಿ ಯಾವುದನ್ನು ಬೇಕಾದರೂ ಯಾವ ಜಾಗಕ್ಕೆ ಬೇಕಾದರೂ ಸರಿಸಬಹುದಲ್ಲ.

"ಮೊದಲ ಮಂಗಳಾನ ಹಾಡಿಬಿಡ್ರಿ ಕಾಕಾ," ಎಂದೆ.

ತಬಲಾದವರು ಕಾಕಾನ ಮುಖ ನೋಡಿದರು. ಕಾಕಾ ನನ್ನ ಮುಖ ನೋಡಿದರು. "ಮೊದಲ?" ಎಂದು ಒಂದೇ ಸಲ ಕೇಳಿದರು. ನಾನು ಕಂಪ್ಯೂಟರಿನ ಮಹಿಮೆಯನ್ನು ವಿವರಿಸಿದೆ. ಕಾಕಾ ತಲೆಯಾಡಿಸಿದರು.

ಹಾಡಿದರು ನೋಡಿ. ಇಡೀ ಮೇಳ ಏಕಾಏಕಿ ಮೈತುಂಬಿಕೊಂಡಿತು. ಆ ಎತ್ತರದ ಸ್ವರಕ್ಕೆ ಕಾಕಾ ಒಡಕು ದನಿಯಲ್ಲೇ ಹೋಗಿ ನಿಂತರು. ಸದ್ದು ಮೀರಿ ಗೆರೆ ಕೆಂಪಿಗೆ ಹೋಗಲಿಲ್ಲ, ಸಿಡಿಯಲಿಲ್ಲ, ಎಲ್ಲ ಸರಿಯಾಗಿ ಬಂದಿತ್ತು. ನಿಲ್ಲಿಸುವ ಗುಂಡಿ ಒತ್ತಿ, ಫೈಲಿಗೆ ಹೆಸರು ಕೊಟ್ಟು, ಮುಂದಿನದಕ್ಕೆ ಸಜ್ಜಾಗಿ ತಲೆಯೆತ್ತಿದರೆ ತಬಲಾದವರು ತಬಲಾಕ್ಕೆ ಗವಸು ಹಾಕುತ್ತಿದ್ದರು. ಹಾರ್ಮೋನಿಯಮ್ಮಿನ ಮುಚ್ಚಳ ಬಿದ್ದಿತ್ತು. ಕಾಕಾ ತಾಳವನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದರು.

"ಇದೇನ್ರಿ, ಎಲ್ಲಿ ಹೊಂಟ್ರಿ?"

"ಮಂಗಳಾ ಆತಲ್ರಿ ಅಕ್ಕೋರ," ಎಂದರು ತಬಲಾದವರು. "ಮಂಗಳಾ ಆದ ಮ್ಯಾಲೆ ಮತ್ತೇನ ಹಾಡೂದು?"

"ಅಲ್ರಿ, ಅದು ಬರೇ ರೆಕಾರ್ಡಿಂಗ್‌ರಿ! ಅದನ್ನ ನಾ ಕಡೀಕ ಹಾಕ್ತೇನಿ!"

"ನಿಮ್ಮ ಪೆಟ್ಟಿಗ್ಯಾಗ ಕಡೀಕ ಹಾಕ್ರಿ, ಬ್ಯಾಡ ಅನ್ನಂಗಿಲ್ಲ," ಎಂದರು ಕಾಕಾ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾವು ಹಾಡೀವಲ್ರಿ. ಇವತ್ತಿಂದು ಮುಗೀತು."

ಬೇಡಿಕೊಂಡೆ, ವಾದ ಮಾಡಿದೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. ಸಂಗೀತದ ಅಕ್ಕೋರಿಗೆ ಇದನ್ನು ಹೇಳಬೇಕಾಗುತ್ತದೆಂದು ಅವರಿಗೆ ಅನಿಸಿರಲಿಲ್ಲವಂತೆ. ಮಂಗಳ ಹಾಡಿದ ಮೇಲೆ ಎದ್ದುಬಿಡುವುದನ್ನು ನಾನೂ ಹುಟ್ಟಿದಾಗಿನಿಂದ ನೋಡಿದವಳೇ. ಮೌಸು ಕೈಯಲ್ಲಿ ಹಿಡಿದ ಕೂಡಲೇ ಅದೆಲ್ಲ ನನಗೆ ಮರೆತುಹೋಗಿತ್ತು. ಅವತ್ತು ಗಂಟಲು ಇನ್ನೂ ಉಳಿದಿತ್ತು, ಮುಂಜಾನೆ ಇನ್ನೂ ಸ್ವಲ್ಪ ಉಳಿದಿತ್ತು, ಟಂಟಂ ಹೊರಟೇಹೋಯಿತು. ನಾನು ಹೆಡ್‌ಫೋನನ್ನು ಗೋಡೆಗೆ ಎಸೆದೆ. ಕೌದಿಗೆ ಬಡಿದು ಬಿತ್ತು, ಸದ್ದು ಕೂಡ ಆಗಲಿಲ್ಲ.

ನಡುವೆ ಒಂದು ದಿನ ಬರುತ್ತೇವೆಂದರು, ಕಾಕಾನಿಗೆ ಜ್ವರ ಬಂದು ಅದೂ ತಪ್ಪಿತು. ಕೊನೆಗೆ ಉಳಿದದ್ದು ಅವರು ಬಾಗಲಕೋಟೆಗೆ ಹೊರಡುವ ಹಿಂದಿನ ದಿನ. ಬಾದಾಮಿಯ ಗುರುಗಳು ಫೋನಿನಲ್ಲಿ ಇನ್ನೂ ನಾಲ್ಕು ಮೈಕು ತರುವುದಾಗಿ, ಒಬ್ಬೊಬ್ಬರ ಮುಂದೆ ಒಂದೊಂದು ಇಡುವುದಾಗಿ ಹೇಳಿದರು. ಬೇಡ ಎಂದೆ. ಇನ್ನೂ ನಾಲ್ಕು ಮೈಕು ಎಂದರೆ ಕೆಡಲು ಇನ್ನೂ ನಾಲ್ಕು ದಾರಿ. ಟಿಕ್ ಟಿಕ್ ತೆಗೆದುಹಾಕಿದೆ. ಹೆಡ್‌ಫೋನನ್ನು ನಾನೊಬ್ಬಳೇ ಇಟ್ಟುಕೊಂಡೆ. ಮೇಳ ಊರ ಗುಡಿಯಲ್ಲಿ ಹೇಗೆ ಕೂಡುತ್ತದೋ ಹಾಗೇ ಕೂಡಿಸಿ, ಇದ್ದ ಒಂದು ಮೈಕನ್ನು ಕಾಕಾನಿಗೆ ಹತ್ತಿರ, ತಬಲಾಕ್ಕೆ ದೂರ ಇಟ್ಟು, ಹಿಂದೆ ಹಾಡುವವರನ್ನು ಒಂದು ಹೆಜ್ಜೆ ಹಿಂದೆ ಸರಿಸಿದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬರುವ ಮೊದಲೇ ಕೆಂಪು ಗುಂಡಿ ಒತ್ತಿಬಿಟ್ಟೆ. ಅವರು ಎದ್ದು ಹೋಗುವ ತನಕ ಅದನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿ ಕೈ ಕಟ್ಟಿ ಕೂತೆ. ಪಕ್ಕದ ಮಗ್ಗ ನಿಲ್ಲಿಸಿ ಎಂದು ಈ ಸಲ ಕೇಳಲೂ ಹೋಗಲಿಲ್ಲ. ಆ ಮನೆಯಾಕೆಯ ಸೀರೆ ಎಷ್ಟು ದಿನ ಮಗ್ಗದ ಮೇಲೇ ಕೂರಬೇಕು?

ಮುಂಜಾನೆಯೆಲ್ಲ ಹಾಡಿದರು. ನಡುವೆ ಕೆಮ್ಮಿದರು, ನೀರು ಕುಡಿದರು, ಯಾರದೋ ಫೋನು ಬಡಕೊಂಡಿತು, ತಬಲಾದವರು ಸುತ್ತಿಗೆಯಿಂದ ಕಟಕಟ ಬಡಿದು ಶ್ರುತಿ ಮಾಡಿಕೊಂಡರು. ಒಂದು ಪದದ ನಡುವೆ ಕಾಕಾನ ದನಿ ಸ್ವರಕ್ಕೆ ಏರದೆ ಬರೀ ಗಾಳಿಯಾಗಿಬಿಟ್ಟಿತು. ಹಿಂದಿನವರು ಆ ಸಾಲನ್ನು ತಾವೇ ಎತ್ತಿಕೊಂಡರು. ಕಾಕಾ ತಾಳ ಬಿಡಲಿಲ್ಲ, ಮುಂದಿನ ಸಾಲಿಗೆ ಮತ್ತೆ ಬಂದು ಸೇರಿಕೊಂಡರು. ನನ್ನ ಕೈ ತನ್ನಷ್ಟಕ್ಕೆ ಮೌಸಿನ ಕಡೆ ಹೋಗಿತ್ತು, ಹಿಂದಕ್ಕೆ ತಗೊಂಡೆ. ಹಾಡಬೇಕೆಂದಿದ್ದ ಪದಗಳೆಲ್ಲ ಆದವು. ಮಂಗಳವನ್ನೂ ಇನ್ನೊಮ್ಮೆ ಹಾಡಿದರು, ಈ ಸಲ ಅದರ ಜಾಗದಲ್ಲಿ. ಮೊದಲಿನಷ್ಟು ಎತ್ತರಕ್ಕೆ ಹೋಗಲಿಲ್ಲ. ಎದ್ದು ಹೊರಟಾಗ ಕಾಕಾ ನನಗೆ ಬರೀ ಕೈ ಮುಗಿದರು.

ಆಪರೇಷನ್ ಆಯಿತು. ಜೀವ ಉಳಿಯಿತು. ಡಾಕ್ಟರು ಹೇಳಿದ ಇನ್ನೊಂದು ಮಾತೂ ಹೇಳಿದಂತೆಯೇ ಆಯಿತು.

ರಜೆ ಮುಗಿಯುವ ತನಕ ನಾನು ಆ ಮುಂಜಾನೆಯನ್ನು ಕತ್ತರಿಸುತ್ತ ಕೂತೆ. ಈ ಸಾಫ್ಟ್‌ವೇರಿನಲ್ಲಿ ನನಗೆ ಚೆನ್ನಾಗಿ ಬಂದದ್ದು ಅದೊಂದೇ. ಕೆಮ್ಮು ತೆಗೆದೆ, ಫೋನು ತೆಗೆದೆ, ಸುತ್ತಿಗೆ, ಚಹಾದ ಕಪ್ಪು, ಪದ ಪದದ ನಡುವಿನ ಹರಟೆ ಎಲ್ಲ ತೆಗೆದೆ. ಮಗ್ಗದ ಸದ್ದನ್ನೂ ಆದಷ್ಟು ತಗ್ಗಿಸಿದೆ. ಕೊನೆಗೆ ಬರೀ ಪದಗಳು ಉಳಿದವು, ತೊಳೆದಿಟ್ಟ ಹಾಗೆ. ಪೆನ್‌ಡ್ರೈವಿಗೆ ಹಾಕಿ ಮೇಳಕ್ಕೆ ಕಳಿಸಿದೆ. ಊರವರಿಗೆಲ್ಲ ಭಾಳ ಹಿಡಿಸಿತಂತೆ, ಗಿರಣಿಯ ಮುಂದೆ ದಿನಾ ಹಚ್ಚುತ್ತಾರಂತೆ. ನನ್ನ ಕೆಲಸದ ಬಗ್ಗೆ ನನಗೆ ಸ್ವಲ್ಪ ಜಂಬವೂ ಬಂತು.

ಒಂದು ದಿನ ಇಳಕಲ್ಲಿನ ಸಂತೆಗೆ ಬಂದ ಕಾಕಿ ಮನೆಗೆ ಬಂದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಕಾಕಾ ಹೇಗಿದ್ದಾರೆ ಎಂದು ಕೇಳಿದೆ. ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಗಿರಣಿಗೆ ಹೋಗುತ್ತಾರೆ, ಕೈಸನ್ನೆ ಮಾಡುತ್ತಾರೆ, ಸನ್ನೆ ತಿಳಿಯದಿದ್ದರೆ ಸಿಟ್ಟಾಗುತ್ತಾರೆ ಎಂದರು. ನಾನು ಲ್ಯಾಪ್‌ಟಾಪಿನಲ್ಲಿ ಒಂದು ಪದ ಹಚ್ಚಿದೆ. ಮರ್ಯಾದೆಗೆ ಪೂರ್ತಿ ಕೇಳಿದರು.

"ಚಲೋ ಆಗ್ಯಾವ್ರಿ," ಎಂದು ಸೆರಗು ಸರಿಮಾಡಿಕೊಂಡರು. "ಪದಾ ಊರಿಗೆ ಆದುವು. ಅಲ್ರಿ ಅಕ್ಕೋರ, ಅವತ್ತ ಅವರು ಏನಾರ ಮಾತಾಡಿದ್ದು ಇದ್ರಾಗ ಉಳದೈತೇನ್ರಿ? ಹಾಡಿದ್ದಲ್ಲ. ಸುಮ್ನ ಮಾತಾಡಿದ್ದು."

"ಅದನ್ನೆಲ್ಲ ತಗದುಬಿಟ್ಟೇನ್ರಿ ಕಾಕಿ," ಎಂದೆ. ಹೇಳುವಾಗಲೂ ಒಳ್ಳೆಯ ಕೆಲಸ ಮಾಡಿದವಳ ದನಿಯಲ್ಲೇ ಹೇಳಿದೆ.

"ಹೌದೇನ್ರಿ," ಎಂದರು ಕಾಕಿ. ಚೀಲ ಎತ್ತಿಕೊಂಡರು. "ಇರಲಿ ಬಿಡ್ರಿ. ನಮ್ಮ ಮನ್ಯಾಗ ಯಾರೂ ಹಿಡದಿಟ್ಟಿಲ್ಲ. ಫೋನಿನ್ಯಾಗ ಸೈತ ಇಲ್ಲ. ಅದಕ್ಕ ಕೇಳಿದೆ."

ಅವರಿಗೆ ಕೂಡ್ರಿ ಎಂದೆ. ಈ ಸಾಫ್ಟ್‌ವೇರ್ ನನ್ನ ಜೀವ ತಿಂದಿದ್ದರೂ ಅದರಲ್ಲಿ ಒಂದು ಗುಣ ಇದೆ. ಅದರಲ್ಲಿ ಕತ್ತರಿಸಿದ್ದು ಹೋಗಿರುವುದಿಲ್ಲ, ಮಡಚಿ ಒಳಗೆ ಇರುತ್ತದೆ. ಎರಡು ಪದಗಳ ನಡುವಿನ ಖಾಲಿ ಜಾಗಕ್ಕೆ ಹೋಗಿ, ತುಣುಕಿನ ಅಂಚು ಹಿಡಿದು ಬಲಕ್ಕೆ ಎಳೆದೆ. ಗೆರೆಗಳು ಒಂದೊಂದೇ ಬಿಚ್ಚಿಕೊಂಡವು. ಸದ್ದು ಜೋರು ಮಾಡಿದೆ.

ಮೊದಲು ಕೆಮ್ಮು ಬಂತು. ಬುತ್ತಿಡಬ್ಬಿಯ ಮುಚ್ಚಳ ತೆಗೆದ ಸದ್ದು ಬಂತು. ಆಮೇಲೆ ಕಾಕಾನ ದನಿ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡು: "ತಗೋರಿ, ನಮ್ಮಾಕಿ ಕಟ್ಟಿ ಕಳಿಸ್ಯಾಳ. ಶೇಂಗಾ ಚಟ್ನಿಗೆ ಇವತ್ತೂ ಉಪ್ಪ ಜಾಸ್ತಿ ಹಾಕ್ಯಾಳ ನೋಡ. ನಾ ಹೇಳಿ ಹೇಳಿ ಸಾಕಾತು."

ಕಾಕಿ ಲ್ಯಾಪ್‌ಟಾಪಿನ ಕಡೆ ತಟ್ಟನೆ ತಿರುಗಿದರು.

"ಎಲ್ಲಿ ಜಾಸ್ತಿ ಆಗಿತ್ತು? ಸರಿ ಇತ್ತು ಉಪ್ಪು," ಎಂದರು ಅದಕ್ಕೆ. ಹಾಗೆಂದವರು ಉತ್ತರ ಬರುತ್ತದೇನೋ ಎಂಬಂತೆ ಕಾದರು. ತಬಲಾದವರು ನಕ್ಕದ್ದು ಕೇಳಿಸಿತು, ಅಲ್ಲಿಗೆ ಮುಂದಿನ ಪದ ಶುರುವಾಯಿತು.

"ಅದನ್ನ ಇನ್ನೊಮ್ಮೆ ಹಚ್ರಿ," ಎಂದರು ಕಾಕಿ.